ಉಂಡೂ ಹೋದರು, ಕೊಂಡೂ ಹೋದರು

ಆಸ್ಟ್ರಿಯ ದೇಶದ ಟಿರೋಲ್ ಪ್ರಾಂತದಲ್ಲಿ ಇಶ್‌ಗ್ಲ್ ಎಂಬ ಹಳ್ಳಿ ಇದೆ. ಊರಿನ ಜನಸಂಖ್ಯೆ ಎರಡು ಸಾವಿರ ಮುಟ್ಟುವುದಿಲ್ಲ. ಆದರೆ ಅಲ್ಲಿನ ಹೋಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇರುವ ಹಾಸಿಗೆಗಳ ಲೆಕ್ಕ ಹಾಕಿದರೆ ಊರಿನವರ ಹಲವು ಪಟ್ಟಾಗುತ್ತದೆ. ಚಳಿಗಾಲ ಬಂತೆಂದರೆ ಯೂರೋಪಿನ ನಾನಾ ದೇಶಗಳಿಂದ ಜನ ಬಂದು ಇಳಿಯುತ್ತಾರೆ. ಹಗಲೆಲ್ಲ ಆಲ್ಪ್ಸ್ ಪರ್ವತದ ಹಿಮದ ಇಳಿಜಾರಿನಲ್ಲಿ ಜಾರುವುದು, ಸಂಜೆ ಊರಿನ ಬಾರುಗಳಲ್ಲಿ ಮೈಗೆ ಮೈ ತಾಗಿಸಿ ನಿಂತು ಕುಡಿಯುವುದು, ಕೂಗುವುದು, ಕುಣಿಯುವುದು. ಇದು ಅಲ್ಲಿನ ದಿನಚರಿ. ಈ ಕೆಲವು ತಿಂಗಳ ದುಡಿಮೆಯೇ ಊರಿಗೆ ವರ್ಷದ ಅನ್ನ. ಗಾಳಿ ಬಂದಾಗ ತೂರಿಕೋ ಎನ್ನುವ ಮಾತು ಆ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2020ರ ಫೆಬ್ರವರಿ ಕೊನೆಯಲ್ಲಿ ಈ ಊರಿನಿಂದ ಮನೆಗೆ ಮರಳಿದ ಐಸ್‌ಲೆಂಡಿನ ಕೆಲವು ಪ್ರವಾಸಿಗಳಿಗೆ ಕೊರೊನಾ ಸೋಂಕು ಇರುವುದು ಪತ್ತೆಯಾಯಿತು. ಐಸ್‌ಲೆಂಡ್ ಸರ್ಕಾರ ಸುಮ್ಮನೆ ಕೂರಲಿಲ್ಲ. ಆಸ್ಟ್ರಿಯಕ್ಕೆ ಸುದ್ದಿ ಮುಟ್ಟಿಸಿ, ಮಾರ್ಚ್ 5ರಂದು ಇಶ್‌ಗ್ಲ್ ಹೆಸರನ್ನು ಅಪಾಯದ ಸ್ಥಳಗಳ ಪಟ್ಟಿಗೆ ಸೇರಿಸಿತು. ಟಿರೋಲ್ ಅಧಿಕಾರಿಗಳ ಉತ್ತರ ಬೇರೆಯೇ ಇತ್ತು: ಸೋಂಕು ತಗುಲಿದ್ದು ನಮ್ಮಲ್ಲಿ ಅಲ್ಲ, ಬಹುಶಃ ವಿಮಾನದಲ್ಲಿ. ಎರಡು ದಿನ ಕಳೆಯುವುದರೊಳಗೆ ಊರಿನ ಹೆಸರುವಾಸಿ ಬಾರೊಂದರ ನೌಕರನಿಗೇ ಸೋಂಕು ಖಚಿತವಾಯಿತು. ಆಗಲೂ ಬಂದ ಹೇಳಿಕೆ, ಬಾರಿನ ಗಿರಾಕಿಗಳಿಗೆ ಅದು ಹರಡಿರುವ ಸಂಭವ ವೈದ್ಯಕೀಯ ದೃಷ್ಟಿಯಿಂದ ಕಡಿಮೆ ಎಂದು. ಬಾರುಗಳೆಲ್ಲ ಮುಚ್ಚಿದ್ದು ಮಾರ್ಚ್ 10ರಂದು. ಮಾರ್ಚ್ 13ರ ಮಧ್ಯಾಹ್ನ ಇಡೀ ಕಣಿವೆಗೆ ದಿಗ್ಬಂಧನ ಎಂದು ಚಾನ್ಸಲರ್ ಪ್ರಕಟಿಸಿದಾಗ ಸಾವಿರಾರು ಪ್ರವಾಸಿಗಳು ಪೆಟ್ಟಿಗೆ ಕಟ್ಟಿಕೊಂಡು ಒಟ್ಟಿಗೇ ಹೊರಟರು. ಕಣಿವೆಯ ರಸ್ತೆ ಕಾರುಗಳಿಂದ ತುಂಬಿಹೋಯಿತು. ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರ ಮನೆಗೆ ಹೋಗಿ ಎಂದು ಹೇಳಿದ್ದಷ್ಟೇ ಬಂತು. ಉಂಡೂ ಹೋದರು, ಕೊಂಡೂ ಹೋದರು. ಕೊಂಡುಹೋದದ್ದು ರೋಗವನ್ನು.

ಜರ್ಮನಿ, ಡೆನ್ಮಾರ್ಕ್, ನಾರ್ವೆ, ಐಸ್‌ಲೆಂಡ್ ದೇಶಗಳ ಮೊದಮೊದಲ ರೋಗಿಗಳಲ್ಲಿ ಬಹಳ ಮಂದಿಯ ಜಾಡು ಹಿಡಿದು ಹೋದರೆ ಅದು ಆಸ್ಟ್ರಿಯದ ಹಿಮದ ಇಳಿಜಾರಿಗೆ ಬಂದು ನಿಲ್ಲುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಇನ್ಸ್‌ಬ್ರುಕ್ ವೈದ್ಯಕೀಯ ವಿಶ್ವವಿದ್ಯಾಲಯದವರು ಇಶ್‌ಗ್ಲ್ ನಿವಾಸಿಗಳ ರಕ್ತ ಪರೀಕ್ಷಿಸಿದಾಗ ನೂರಕ್ಕೆ 42.4 ಮಂದಿಯಲ್ಲಿ ಸೋಂಕು ಬಂದುಹೋದ ಗುರುತು ಸಿಕ್ಕಿತು. ಮುಂದೆ ತನಿಖಾ ಆಯೋಗ ಕೂತಿತು. ಅಧಿಕಾರಿಗಳು ತಪ್ಪು ಅಂದಾಜು ಮಾಡಿದರು, ತಡಮಾಡಿದರು ಎಂದು ಅದು ಹೇಳಿತು. ಪ್ರವಾಸೋದ್ಯಮದವರ ಒತ್ತಡ ಇತ್ತೆನ್ನಲು ಪುರಾವೆ ಸಿಗಲಿಲ್ಲ ಎಂದೂ ಹೇಳಿತು. 2021ರ ನವೆಂಬರಿನಲ್ಲಿ ಸರ್ಕಾರಿ ವಕೀಲರು ಯಾರ ಮೇಲೂ ಮೊಕದ್ದಮೆ ಹೂಡದೆ ಕಡತ ಮುಚ್ಚಿದರು. ಒತ್ತಡ ಬೇಕಾಗಿಯೂ ಇರಲಿಲ್ಲವೇನೋ. ವರ್ಷದ ಅನ್ನ ಕೈಗೆ ಬರುವ ತಿಂಗಳಿನಲ್ಲಿ ಕೆಟ್ಟ ಸುದ್ದಿಯನ್ನು ನಂಬುವುದು ಯಾವ ಊರಿಗೂ ಸುಲಭವಲ್ಲ.

ವಿಹಾರಕ್ಕೂ ಸಾಂಕ್ರಾಮಿಕಕ್ಕೂ ಇರುವ ನಂಟು ಬಹಳ ಹತ್ತಿರದ್ದು. ಮೋಜು ಎಂದರೆ ಗುಂಪು. ಗುಂಪು ಎಂದರೆ ಉಸಿರಿಗೆ ಉಸಿರು. ಜೊತೆಗೆ ಇನ್ನೊಂದು ಲೆಕ್ಕವೂ ಇದೆ. ಕೊರೊನಾ ಸೋಂಕು ತಗುಲಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಆಗ ಸಾಮಾನ್ಯವಾಗಿ ಐದಾರು ದಿನ ಬೇಕಾಗುತ್ತಿತ್ತು. ಪ್ರವಾಸಿಯ ರಜೆ ಒಂದು ವಾರ. ವಾರದ ನಡುವೆ ಅಂಟಿಸಿಕೊಂಡವನು ಮಲಗುವುದು ತನ್ನ ಊರಿನಲ್ಲಿ, ತನ್ನ ಮನೆಯಲ್ಲಿ. ಅವನು ಇಳಿದುಕೊಂಡಿದ್ದ ಹೋಟೆಲಿನಲ್ಲಿ ಅಷ್ಟು ಹೊತ್ತಿಗೆ ಹೊಸ ಅತಿಥಿ, ಹೊಸ ಹೊದಿಕೆ. ಹೀಗಾಗಿ ರೋಗ ಹಂಚಿದ ಊರಿಗೆ ರೋಗಿಗಳು ಕಾಣುವುದೇ ಇಲ್ಲ. ನಮ್ಮಲ್ಲಿ ಏನೂ ಇಲ್ಲ ಎಂದು ಆ ಊರು ಹೇಳಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಆದ್ದರಿಂದಲೇ ದೂರದ ಊರಿನವರು ಬರೆದು ತಿಳಿಸಿದಾಗ ಕಿವಿಗೊಡುವುದು ಮುಖ್ಯವಾಗುತ್ತದೆ.

ಇದಕ್ಕೆ ಹಳೆಯ ಪಾಠವೊಂದಿತ್ತು. 2003ರ ಫೆಬ್ರವರಿ 21ರಂದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ವೈದ್ಯರೊಬ್ಬರು ಹಾಂಗ್‌ಕಾಂಗಿನ ಹೋಟೆಲೊಂದರ ಒಂಬತ್ತನೆಯ ಮಹಡಿಯಲ್ಲಿ ಒಂದು ರಾತ್ರಿ ತಂಗಿದ್ದರು. ಅವರಿಗೆ ಸಾರ್ಸ್ ಕಾಯಿಲೆ ಇತ್ತು. ಆಗ ಆ ಕಾಯಿಲೆಗೆ ಇನ್ನೂ ಹೆಸರೇ ಇಟ್ಟಿರಲಿಲ್ಲ. ಅದೇ ಹೋಟೆಲಿನ ಅತಿಥಿಗಳು ಅದನ್ನು ಹೊತ್ತುಕೊಂಡು ಹನಾಯ್, ಸಿಂಗಪುರ, ಟೊರಾಂಟೊ ತಲುಪಿದರು. ಒಂದು ಮಹಡಿ, ಒಂದು ರಾತ್ರಿ. ಕೆಲವೇ ತಿಂಗಳಲ್ಲಿ ಸುಮಾರು ಎಂಟು ಸಾವಿರ ರೋಗಿಗಳು, ಏಳುನೂರಕ್ಕೂ ಮಿಕ್ಕಿ ಸಾವುಗಳು.

ಕಾಯಿಲೆಯನ್ನು ಗುಟ್ಟಾಗಿಡುವ ಚಾಳಿಯಂತೂ ಇನ್ನೂ ಹಳೆಯದು. 1911ರಲ್ಲಿ ಇಟಲಿ ತನ್ನ ಏಕೀಕರಣದ ಐವತ್ತನೆಯ ವರ್ಷವನ್ನು ವೈಭವದಿಂದ ಆಚರಿಸುತ್ತಿತ್ತು. ರೋಮ್, ಟ್ಯೂರಿನ್ ನಗರಗಳಲ್ಲಿ ದೊಡ್ಡ ವಸ್ತುಪ್ರದರ್ಶನಗಳು ನಡೆದಿದ್ದವು. ಅದೇ ವರ್ಷ ಕಾಲರಾ ಬಂತು. ಪ್ರವಾಸಿಗಳು ಓಡಿಹೋದಾರು, ವಲಸೆ ಹಡಗುಗಳ ವ್ಯಾಪಾರ ನಿಂತೀತು ಎಂಬ ಭಯದಿಂದ ಸರ್ಕಾರ ಆ ಸುದ್ದಿಯನ್ನು ಅದುಮಿಟ್ಟಿತು. ಇತಿಹಾಸಕಾರ ಫ್ರಾಂಕ್ ಸ್ನೋಡನ್ ಇದನ್ನು ದಾಖಲೆಗಳಿಂದ ಹೆಕ್ಕಿ ತೋರಿಸಿದ್ದಾರೆ. ಆ ವರ್ಷ ವೆನಿಸ್‌ಗೆ ವಿಹಾರಕ್ಕೆ ಹೋಗಿದ್ದ ಜರ್ಮನ್ ಲೇಖಕ ಥಾಮಸ್ ಮಾನ್, 1912ರಲ್ಲಿ ಪ್ರಕಟಿಸಿದ ‘ಡೆತ್ ಇನ್ ವೆನಿಸ್’ ಎಂಬ ಕಥೆಯಲ್ಲಿ ಕಾಲರಾ ಮುಚ್ಚಿಡುವ ನಗರವನ್ನು ಚಿತ್ರಿಸಿದ. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡ ಆ ಕಥೆಯಲ್ಲಿ ನಿಜ ಹೇಳುವವನು ಪ್ರವಾಸಿ ಕಚೇರಿಯ ಒಬ್ಬ ಗುಮಾಸ್ತ. ತಮಾಷೆ ಏನೆಂದರೆ, ರೋಗ ಬಂದವರನ್ನು ಬೇರೆಯಾಗಿ ಇಡಲು 1423ರಲ್ಲೇ ದ್ವೀಪವೊಂದರಲ್ಲಿ ಆಸ್ಪತ್ರೆ ಕಟ್ಟಿದ ಊರು ಇದೇ ವೆನಿಸ್. ‘ಕ್ವಾರಂಟೈನ್’ ಎಂಬ ಮಾತು ಕೂಡ ಆ ಊರಿನವರ ನಲವತ್ತು ದಿನದ ಲೆಕ್ಕದಿಂದ ಬಂದದ್ದು. ವ್ಯಾಪಾರಕ್ಕಾಗಿ ಹಡಗು ಬರುತ್ತಿದ್ದ ಕಾಲದಲ್ಲಿ ಅವುಗಳನ್ನು ನಲವತ್ತು ದಿನ ತಡೆದು ನಿಲ್ಲಿಸುವ ಎದೆ ಇದ್ದ ನಗರ, ನೋಡುವುದಕ್ಕಾಗಿ ಜನ ಬರುವ ಕಾಲಕ್ಕೆ ಒಂದು ಮಾತು ಹೇಳಲು ಅಂಜಿತು.

ಹಾಗಾದರೆ ಮುಚ್ಚಿಡುವವರೆಲ್ಲ ದುಷ್ಟರೇ? ಅಷ್ಟು ಸರಳವಾಗಿದ್ದರೆ ಚೆನ್ನಾಗಿತ್ತು. ನಿಜ ಹೇಳಿದವರಿಗೆ ಆದದ್ದೇನು ಎಂಬುದನ್ನೂ ನೋಡಬೇಕು. ಕನ್ನಡದಲ್ಲಿ ಒಂದು ಗಾದೆಯಿದೆ: ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ರಾಷ್ಟ್ರಗಳ ನಡುವೆಯೂ ಇದೇ ಗಾದೆ ನಡೆದುಬಂದಿದೆ.

ಭಾರತಕ್ಕೆ ಇದರ ರುಚಿ ಸಿಕ್ಕಿದ್ದು 1994ರ ಸೆಪ್ಟೆಂಬರಿನಲ್ಲಿ. ಸೂರತ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಸತ್ತವರ ಸಂಖ್ಯೆ ಐವತ್ತರ ಆಸುಪಾಸು. ಸೂರತ್ತಿನಿಂದ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿದರು. ಹೊರದೇಶಗಳು ಸೂರತ್ತನ್ನಷ್ಟೇ ನೋಡಲಿಲ್ಲ, ಭಾರತವನ್ನೇ ಪ್ಲೇಗಿನ ಮನೆ ಎಂದು ಬಗೆದವು. ಕೆಲವು ದೇಶಗಳು ವಿಮಾನಗಳನ್ನು ನಿಲ್ಲಿಸಿದವು. ಸೂರತ್ತಿನ ಹೆಸರನ್ನೇ ಕೇಳದ ಊರುಗಳಿಗೆ ಬರಬೇಕಾಗಿದ್ದ ವಿದೇಶಿ ಪ್ರವಾಸಿಗಳೂ ಟಿಕೆಟ್ ರದ್ದು ಮಾಡಿಕೊಂಡರು.

ಇಂಥ ಅನುಭವಗಳಿಂದ ಪಾಠ ಕಲಿತು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2005ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳನ್ನು ಹೊಸದಾಗಿ ರಚಿಸಿಕೊಂಡವು. ಅವು ಜಾರಿಗೆ ಬಂದದ್ದು 2007ರಲ್ಲಿ. ಜಗತ್ತಿಗೆ ಅಪಾಯವಾಗಬಲ್ಲ ರೋಗ ಕಂಡರೆ, ಹಾಗೆಂದು ನಿರ್ಧರಿಸಿದ 24 ಗಂಟೆಗಳೊಳಗೆ ಸಂಸ್ಥೆಗೆ ತಿಳಿಸಬೇಕು ಎಂಬುದು ಅದರ ಒಂದು ಕೈ. ತಿಳಿಸಿದ ದೇಶದ ಮೇಲೆ ಇತರರು ಅಗತ್ಯ ಮೀರಿ ಪ್ರಯಾಣದ, ವ್ಯಾಪಾರದ ನಿರ್ಬಂಧ ಹೇರಬಾರದು ಎಂಬುದು ಇನ್ನೊಂದು ಕೈ. ಎರಡು ಕೈ ಸೇರಿದರೆ ತಾನೇ ಚಪ್ಪಾಳೆ? 2021ರ ನವೆಂಬರ್ ಕೊನೆಯ ವಾರ ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಕೊರೊನಾದ ಹೊಸ ರೂಪವೊಂದನ್ನು ಗುರುತಿಸಿ, ಮುಚ್ಚುಮರೆಯಿಲ್ಲದೆ ಜಗತ್ತಿಗೆ ತಿಳಿಸಿದರು. ಅದಕ್ಕೆ ಒಮಿಕ್ರಾನ್ ಎಂದು ಹೆಸರಾಯಿತು. ಹೆಸರಿಡುವ ಮುಂಚೆಯೇ ಬ್ರಿಟನ್ ಆ ಭಾಗದ ವಿಮಾನಗಳಿಗೆ ತಡೆ ಹಾಕಿತು. ಬೆನ್ನಿಗೇ ಇತರ ದೇಶಗಳೂ ಬಾಗಿಲು ಮುಚ್ಚಿದವು. ಅಲ್ಲಿ ಡಿಸೆಂಬರ್ ಎಂದರೆ ಬೇಸಿಗೆ, ವಿದೇಶಿ ಪ್ರವಾಸಿಗಳ ಸುಗ್ಗಿ. ಆ ಸುಗ್ಗಿ ಕೈಬಿಟ್ಟಿತು. ಆಮೇಲೆ ನೋಡಿದರೆ, ಈ ಪ್ರಕಟಣೆಗೆ ಮುಂಚೆಯೇ ನೆದರ್‌ಲೆಂಡ್ಸ್‌ನಲ್ಲಿ ತೆಗೆದಿಟ್ಟ ಮಾದರಿಗಳಲ್ಲೂ ಅದೇ ಒಮಿಕ್ರಾನ್ ಇತ್ತು! ಒದೆ ಬಿದ್ದದ್ದು ರೋಗ ಇದ್ದವರಿಗೆಲ್ಲ ಅಲ್ಲ, ಹೇಳಿದವರಿಗೆ.

ಹೇಳಿದ್ದರ ದಂಡವನ್ನು ತೆರುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ಪ್ರವಾಸೋದ್ಯಮದ ಹಣ ಮೇಲಿನಿಂದ ಕೆಳಗೆ ಹನಿಹನಿಯಾಗಿ ಇಳಿಯುತ್ತದೆ. ಪೆಟ್ಟು ಮಾತ್ರ ನೇರವಾಗಿ ಕೆಳಗಿನವನಿಗೇ ಬೀಳುತ್ತದೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆದು ನಿಲ್ಲಿಸಿದ ‘ಡೈಮಂಡ್ ಪ್ರಿನ್ಸೆಸ್’ ಎಂಬ ವಿಹಾರ ನೌಕೆಯ ಕಥೆ ಎಲ್ಲರಿಗೂ ನೆನಪಿದ್ದೀತು. ಅದರಲ್ಲಿದ್ದ 3,711 ಮಂದಿಯಲ್ಲಿ 712 ಜನರಿಗೆ ಸೋಂಕು ತಗುಲಿತು. ಪ್ರಯಾಣಿಕರಿಗೆ ಕೋಣೆ ಬಿಟ್ಟು ಹೊರಗೆ ಬರಬೇಡಿ ಎಂಬ ಆಜ್ಞೆಯಾಯಿತು. ಆದರೆ ಅವರಿಗೆ ಅಡುಗೆ ಮಾಡಬೇಕಲ್ಲ, ತಟ್ಟೆ ಹಿಡಿದು ಬಾಗಿಲು ಬಾಗಿಲಿಗೆ ಹೋಗಬೇಕಲ್ಲ? ಸಾವಿರಕ್ಕೂ ಹೆಚ್ಚು ಸಿಬ್ಬಂದಿಗೆ ದಿಗ್ಬಂಧನದ ರಕ್ಷಣೆಯೇ ಇರಲಿಲ್ಲ. ಒಂದೊಂದು ಕೋಣೆಯಲ್ಲಿ ಇಬ್ಬರು ಮೂವರು ಮಲಗಿ, ಒಟ್ಟಿಗೆ ಉಂಡು, ಬೆಳಗಾದರೆ ಕೆಲಸಕ್ಕೆ ನಿಲ್ಲುತ್ತಿದ್ದರು. ಅವರಲ್ಲಿ 132 ಮಂದಿ ಭಾರತೀಯರು. ಕಾರವಾರ, ಮಂಗಳೂರು, ಗೋವಾ ಕಡೆಯ ಯುವಕರು ಇಂಥ ನೌಕೆಗಳಲ್ಲಿ ದುಡಿದು ಮನೆಗೆ ಹಣ ಕಳಿಸುವುದು ಕರಾವಳಿಗೆ ಹೊಸ ಸಂಗತಿಯಲ್ಲ. ಹಡಗಿನ ಚಿತ್ರವನ್ನು ಟಿ.ವಿ.ಯಲ್ಲಿ ನೋಡುತ್ತ ಎಷ್ಟು ಮನೆಗಳಲ್ಲಿ ಊಟ ಗಂಟಲಲ್ಲಿ ಇಳಿಯದೆ ಹೋಯಿತೋ. ಆ ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ತಂದು ಇಳಿಸಿತು.

ಹೇಳಿಯೂ ಉಳಿದ ದೇಶ ಒಂದಾದರೂ ಇಲ್ಲವೇ? ಇದೆ, ನಮ್ಮ ನೆರೆಯಲ್ಲೇ. ಭೂತಾನಿಗೆ ಕೊರೊನಾ ಬಂದದ್ದೇ ಪ್ರವಾಸಿಯ ಜೊತೆಯಲ್ಲಿ. 76 ವಯಸ್ಸಿನ ಅಮೆರಿಕದ ಪ್ರವಾಸಿಯೊಬ್ಬರು 2020ರ ಮಾರ್ಚ್ 2ರಂದು ಅಸ್ಸಾಮಿನಿಂದ ಅಲ್ಲಿಗೆ ಹೋಗಿ ಇಳಿದರು. ಮಾರ್ಚ್ 5ರ ರಾತ್ರಿ ಸೋಂಕು ಖಚಿತವಾಯಿತು. ಮಾರನೆಯ ಬೆಳಿಗ್ಗೆ ಪ್ರಧಾನಿ ಕಚೇರಿಯೇ ಅದನ್ನು ಸಾರಿ ಹೇಳಿತು. ಅಂದಿನ ಪ್ರಧಾನಿ ಲೋಟೆ ಶೆರಿಂಗ್ ಸ್ವತಃ ಶಸ್ತ್ರವೈದ್ಯರು. ಅದೇ ದಿನದಿಂದ ವಿದೇಶಿ ಪ್ರವಾಸಿಗಳಿಗೆ ಬಾಗಿಲು ಮುಚ್ಚಿತು. ಎರಡು ವಾರಕ್ಕೆಂದು ಮುಚ್ಚಿದ ಬಾಗಿಲು ಪೂರ್ತಿ ತೆರೆದದ್ದು 2022ರ ಸೆಪ್ಟೆಂಬರ್ 23ರಂದು. ಎರಡೂವರೆ ವರ್ಷ! ಪ್ರವಾಸಿಗಳನ್ನೇ ನಂಬಿದ ಮಾರ್ಗದರ್ಶಿಗಳು, ಹೋಟೆಲ್ ನೌಕರರು, ಚಾಲಕರು ಅಷ್ಟು ದಿನ ತಾಳಿಕೊಂಡದ್ದು ಹೇಗೆ? ಉತ್ತರ ಸರಳವಾಗಿದೆ. 2020ರ ಏಪ್ರಿಲಿನಲ್ಲೇ ಅಲ್ಲಿನ ದೊರೆ ‘ಕಿದು’ ಎಂಬ ಪರಿಹಾರ ನಿಧಿಯಿಂದ ಕೆಲಸ ಕಳೆದುಕೊಂಡವರಿಗೆ ತಿಂಗಳು ತಿಂಗಳು ಹಣ ಕೊಡಿಸಲು ಆರಂಭಿಸಿದ. ಕೆಲಸವಿಲ್ಲದ ಮಾರ್ಗದರ್ಶಿಗಳು ಸ್ವಯಂಸೇವಕರ ಜೊತೆಗೂಡಿ, ಹಿಂದೆ ಅಂಚೆಯವರು, ಯಾತ್ರಿಕರು ನಡೆಯುತ್ತಿದ್ದ 403 ಕಿಲೋಮೀಟರ್ ಉದ್ದದ ಕಾಲುದಾರಿಯನ್ನು ದುರಸ್ತಿ ಮಾಡಿದರು. ಬಾಗಿಲು ತೆರೆದಾಗ ಬಂದವರಿಗೆ ತೋರಿಸಲು ಹೊಸದೊಂದು ದಾರಿ ಸಿದ್ಧವಿತ್ತು. ಕೊರೊನಾದಿಂದ ಅಲ್ಲಿ ಸತ್ತವರು ಇಪ್ಪತ್ತರ ಆಸುಪಾಸಿನಲ್ಲೇ ನಿಂತರು.

ಭೂತಾನ್ ಪುಟ್ಟ ದೇಶ. ಜನಸಂಖ್ಯೆ ಎಂಟು ಲಕ್ಷದೊಳಗೆ. ಎಲ್ಲರಿಗೂ ಅದರ ದಾರಿ ಒಗ್ಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾದದ್ದೇ. ಅದರ ಒಳಗಿನ ತತ್ವ ಮಾತ್ರ ಎಲ್ಲರಿಗೂ ಒಗ್ಗುವಂಥದು. ನಿಜ ಹೇಳಿದರೆ ಹೊಟ್ಟೆಗೆ ಬೀಳುವ ಪೆಟ್ಟನ್ನು ಹತ್ತು ಜನ ಹಂಚಿಕೊಳ್ಳುತ್ತಾರೆ ಎಂಬ ಭರವಸೆ ಇದ್ದರೆ ಊರು ನಿಜ ಹೇಳುತ್ತದೆ. ಇಲ್ಲದಿದ್ದರೆ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ.

ಕರ್ನಾಟಕದಲ್ಲಿ ಈ ಪರೀಕ್ಷೆ ಎದುರಾದದ್ದು ಮೈಸೂರು ದಸರಾದಲ್ಲಿ. 2020ರ ಆಗಸ್ಟ್ ಕೊನೆಯಲ್ಲಿ ಓಣಂ ಮುಗಿದ ಮೇಲೆ ಕೇರಳದಲ್ಲಿ ಸೋಂಕು ಏರಿದ್ದು ಎಲ್ಲರ ಕಣ್ಣೆದುರಿಗಿತ್ತು. ಲಕ್ಷಗಟ್ಟಲೆ ಜನ ಸೇರುವ ಜಂಬೂ ಸವಾರಿಯನ್ನು ಆ ವರ್ಷ ಅರಮನೆಯ ಆವರಣದೊಳಗೇ ಮುಗಿಸಬೇಕು, ಮುನ್ನೂರು ಜನರಿಗಿಂತ ಹೆಚ್ಚು ಕೂಡದು ಎಂಬ ತೀರ್ಮಾನವಾಯಿತು. ಉದ್ಘಾಟನೆಗೆ ಕರೆದದ್ದು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರನ್ನು. ಅಂಬಾರಿ ಹೊರುವ ಸರದಿ ಮೊದಲ ಬಾರಿಗೆ ಅಭಿಮನ್ಯುವಿಗೆ ಬಂತು. ಆದರೆ ಬೀದಿಯ ಎರಡೂ ಬದಿಗೆ, ಮರದ ಕೊಂಬೆಯಲ್ಲಿ, ಮನೆಯ ಮಾಳಿಗೆಯಲ್ಲಿ ಜಾಗ ಹಿಡಿದು ಕೂರುವವರಿಲ್ಲದೆ ಆನೆ ಬನ್ನಿಮಂಟಪದತ್ತ ಹೆಜ್ಜೆ ಹಾಕದೆ ನಿಂತಿತು. ತೀರ್ಮಾನ ಸರಿಯಾಗಿಯೇ ಇತ್ತು. ಅದರ ಬೆಲೆಯನ್ನು ಕೊಟ್ಟವರು ಯಾರು? ಟಾಂಗಾದವರು, ಬಲೂನು ಮಾರುವವರು, ಹೂವಿನವರು, ವಸತಿಗೃಹದ ಹುಡುಗರು. ದಸರೆಯ ಹತ್ತು ದಿನ ಅವರಿಗೆ ಹಬ್ಬವಲ್ಲ, ಸುಗ್ಗಿ. ಟಿಕೆಟ್ಟಿನ ಹಣದಿಂದಲೇ ನಡೆಯುವ ಮೈಸೂರು ಮೃಗಾಲಯ ಆ ವರ್ಷ ಪ್ರಾಣಿಗಳ ಹೊಟ್ಟೆಗಾಗಿ ದಾನಿಗಳತ್ತ ಕೈಚಾಚಬೇಕಾಯಿತು. ಆನೆಗೆ, ಹುಲಿಗೆ ದಾನಿಗಳು ಸಿಕ್ಕರು. ಬಲೂನಿನವನಿಗೆ ಸಿಕ್ಕವರು ಅಷ್ಟಿಲ್ಲ.

ಸರ್ಕಾರಗಳು ಏನೂ ಮಾಡಲಿಲ್ಲ ಎನ್ನುವಂತಿಲ್ಲ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ ಐದು ಸಾವಿರ ರೂಪಾಯಿ ಪ್ರಕಟಿಸಿತು, ಒಂದೇ ಸಲಕ್ಕೆ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮಾನ್ಯತೆ ಪಡೆದ ಪ್ರವಾಸಿ ಮಾರ್ಗದರ್ಶಿಗಳಿಗೆ ಒಂದು ಲಕ್ಷದವರೆಗೆ ನೆರವು ಎಂದಿತು, ಆದರೆ ಸಾಲವಾಗಿ. ದುಡಿಮೆ ನಿಂತವನಿಗೆ ಸಾಲ ಕೊಡುವುದು ಎಂದರೆ ಇಂದಿನ ಹಸಿವನ್ನು ನಾಳೆಗೆ ಬರೆದಿಡುವುದು. ಜನರ ಆರೋಗ್ಯಕ್ಕಾಗಿ ಒಬ್ಬನ ಅಂಗಡಿ ಮುಚ್ಚಿಸಿದರೆ, ಮುಚ್ಚಿದ ದಿನಗಳ ಲೆಕ್ಕ ಜನರೆಲ್ಲರದೂ ಆಗಬೇಕು. ಅದು ದಾನವಲ್ಲ, ಸಲ್ಲಬೇಕಾದ ಬಾಕಿ. ಆರೋಗ್ಯ ಇಲಾಖೆಯ ಖರ್ಚಿನಲ್ಲಿ ಲಸಿಕೆ, ಔಷಧಿಗಳ ಪಕ್ಕದಲ್ಲಿ ಈ ಬಾಕಿಯೂ ಒಂದು ಸಾಲಾಗಿ ಬರುವ ತನಕ ಮುಂದಿನ ಸಾಂಕ್ರಾಮಿಕಕ್ಕೆ ದೇಶ ಸಿದ್ಧವಾಗಿದೆ ಎನ್ನಲಾಗದು.

ಇಂಥ ಪ್ರಶ್ನೆ ಏಳಲು ಮಹಾಮಾರಿಯೇ ಬರಬೇಕೆಂದೂ ಇಲ್ಲ. ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅದರ ಕಾಟ ಹೆಚ್ಚುವುದು ಡಿಸೆಂಬರಿನಿಂದ ಮೇ ತನಕ. ಪೇಟೆಯವರು ಚಾರಣಕ್ಕೆ, ಹೋಂಸ್ಟೇಗೆ ಹೊರಡುವುದೂ ಆಗಲೇ. ತೋಟದಾಚೆ ಮಂಗ ಸತ್ತು ಬಿದ್ದಿದೆ, ಈ ವಾರ ಕಾಡಿಗೆ ಇಳಿಯಬೇಡಿ ಎಂದು ಅತಿಥಿಗೆ ಹೇಳಬೇಕೇ ಬೇಡವೇ? ಹೇಳಿದರೆ ಬಂದವರು ಗಂಟು ಕಟ್ಟಿಯಾರು ಎಂದು ಮನೆಯ ಯಜಮಾನನಿಗೆ ಅಳುಕು. ಹೇಳಿ, ಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಕೇಂದ್ರದ ಎಣ್ಣೆಯನ್ನೂ ಕೈಗಿಟ್ಟು, ಜಗುಲಿಯಲ್ಲೇ ಕೂರಿಸಿ ಕಡುಬು ಬಡಿಸಿದ ಮನೆಯನ್ನು ಅತಿಥಿ ಮರೆಯುವುದಿಲ್ಲ. ಮುಂದಿನ ವರ್ಷ ಅವನು ಮೊದಲು ಫೋನ್ ಮಾಡುವುದು ಅಲ್ಲಿಗೇ.

ಅತಿಥಿಗೂ ಹೇಳಬೇಕಾದ ನಿಜ ಒಂದಿದೆ. ಹೊರಡುವ ಹಿಂದಿನ ದಿನ ಮಗುವಿಗೆ ಜ್ವರ ಬಂದಿರುತ್ತದೆ. ಕೋಣೆಗೆ ಕೊಟ್ಟ ಮುಂಗಡ ವಾಪಸು ಬರುವುದಿಲ್ಲ. ಒಂದು ಕ್ರೋಸಿನ್ ನುಂಗಿಸಿ ಬಸ್ಸು ಹತ್ತಿಬಿಡುತ್ತಾರೆ. ಹಳ್ಳಿಯವರು ಸುಗ್ಗಿಗಾಗಿ ಮುಚ್ಚಿಟ್ಟರೆ, ಪೇಟೆಯವರು ಮುಂಗಡಕ್ಕಾಗಿ ಮುಚ್ಚಿಡುತ್ತಾರೆ. ಎರಡಕ್ಕೂ ಮದ್ದು ಒಂದೇ. ಜ್ವರ ಬಂದು ಪ್ರಯಾಣ ನಿಲ್ಲಿಸಿದವರಿಗೆ ಮುಂಗಡವನ್ನು ಮರಳಿಸುವ, ಇಲ್ಲವೇ ಇನ್ನೊಂದು ದಿನಾಂಕಕ್ಕೆ ಬರೆದಿಡುವ ಪದ್ಧತಿಯನ್ನು ವಸತಿಗೃಹದವರು ಇಟ್ಟುಕೊಂಡರೆ, ಕೈಗೆ ಬರಬೇಕಾಗಿದ್ದ ನಾಲ್ಕು ಕಾಸು ಒಂದು ವಾರ ತಡವಾದೀತು. ಆ ಜ್ವರ ಮಾತ್ರ ಬಸ್ಸು ಹತ್ತದೆ ಮನೆಯಲ್ಲೇ ಉಳಿದೀತು.